ಯುಎಎಸ್‌ಬಿ ರಿಯಾಕ್ಟರ್ ವಿಮರ್ಶೆ: ಗ್ಯಾಸ್ ಲೆಕ್ಕಕ್ಕಿಂತ ಮೊದಲು ಸ್ಲಡ್ಜ್ ಲೆಕ್ಕ ಕೇಳಿ

ಕಾರ್ಖಾನೆಯ ತ್ಯಾಜ್ಯ ನೀರಿಗೆ ಅನೇರೋಬಿಕ್ (ಗಾಳಿಯಿಲ್ಲದೆ ಬ್ಯಾಕ್ಟೀರಿಯಾಗಳಿಂದ ಕೊಳೆ ಒಡೆಸುವ) ರಿಯಾಕ್ಟರ್ ಬೇಕೆಂದು ವಿಚಾರಿಸಿದರೆ ಬರುವ ಕೊಟೇಶನ್‌ಗಳ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು ದಿನಕ್ಕೆ ಎಷ್ಟು ಬಯೋಗ್ಯಾಸ್ ಸಿಗುತ್ತದೆ ಎಂಬ ಅಂಕಿ. ಆ ಅಂಕಿ ಸುಳ್ಳಿರಬೇಕೆಂದೇನಿಲ್ಲ. ಆದರೆ ಯುಎಎಸ್‌ಬಿಯಲ್ಲಿ, ಅಂದರೆ ನೀರು ಸ್ಲಡ್ಜ್ ಹಾಸಿಗೆಯ ಮೂಲಕ ಮೇಲಕ್ಕೇರುವ ಇಂಥ ರಿಯಾಕ್ಟರ್‌ನಲ್ಲಿ, ಕೆಲಸ ಮಾಡುವುದು ತಳದಲ್ಲಿ ಕೂತಿರುವ ಸ್ಲಡ್ಜ್, ಬ್ಯಾಕ್ಟೀರಿಯಾಗಳಿಂದ ತುಂಬಿದ ಕೆಸರು. ತೊಟ್ಟಿ, ಪೈಪು, ಮೇಲಿನ ಗೂಡು, ಪಂಪು ಎಲ್ಲವೂ ಆ ಸ್ಲಡ್ಜಿಗೆ ಸರಿಯಾಗಿ ನೀರುಣಿಸಲು ಮತ್ತು ಅದು ನೀರಿನೊಂದಿಗೆ ಹೊರಗೆ ಹರಿದುಹೋಗದಂತೆ ತಡೆಯಲು ಮಾಡಿಕೊಂಡ ಏರ್ಪಾಡು. ಸ್ಲಡ್ಜ್ ಉಳಿದರೆ ಗ್ಯಾಸ್ ತಾನಾಗಿ ಬರುತ್ತದೆ. ಸ್ಲಡ್ಜ್ ಹೋದರೆ ಉಳಿಯುವುದು ಒಂದು ಎತ್ತರದ ಖಾಲಿ ಟ್ಯಾಂಕ್.

ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದಲ್ಲ, ಈ ಮಾದರಿಯದ್ದು. ನೆದರ್ಲೆಂಡ್ಸ್‌ನ ವಾಖೆನಿಂಗನ್‌ನಲ್ಲಿ ಖಾಟ್ಸೆ ಲೆಟಿಂಗಾ ಮತ್ತು ಅವರ ತಂಡ 1970ರ ದಶಕದಲ್ಲಿ ಇದನ್ನು ರೂಪಿಸಿ, ಸಕ್ಕರೆ ಕಾರ್ಖಾನೆಯ ನೀರಿನ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. ಈ ಕೆಲಸಕ್ಕೆ ಲೆಟಿಂಗಾ ಅವರಿಗೆ 2007ರಲ್ಲಿ ಟೈಲರ್ ಪ್ರಶಸ್ತಿ, 2009ರಲ್ಲಿ ಲೀ ಕ್ವಾನ್ ಯೂ ಜಲ ಪ್ರಶಸ್ತಿ ಬಂದವು. ಈ ತಂತ್ರವನ್ನು ಯಾರು ಬೇಕಾದರೂ ಕಟ್ಟಬಹುದು, ಕಟ್ಟುತ್ತಲೂ ಇದ್ದಾರೆ. ಬಡ ಊರುಗಳಿಗೂ ಈ ತಂತ್ರ ತಲುಪಿದ್ದು ಅದರಿಂದಲೇ. ಹೆಸರು ಒಂದೇ ಇದ್ದರೂ ಒಳಗಿನ ಗುಣಮಟ್ಟ ಒಂದೊಂದು ಕಡೆ ಒಂದೊಂದು ರೀತಿ ಇರುವುದಕ್ಕೂ ಅದೇ ಕಾರಣ.

ಕೆಲಸದ ರೀತಿ ಸರಳ. ನೀರು ತಳದಿಂದ ಒಳಗೆ ಬಂದು ಗಂಟೆಗೆ ಸುಮಾರು ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಮೇಲಕ್ಕೇರುತ್ತದೆ. ದಾರಿಯಲ್ಲಿ ಎರಡು ಮೀಟರ್ ದಪ್ಪದ ಸ್ಲಡ್ಜ್ ಹಾಸಿಗೆಯನ್ನು ಹಾದುಹೋಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ದೊಡ್ಡ ಅಣುಗಳನ್ನು ಒಡೆಯುತ್ತವೆ, ಇನ್ನೊಂದು ಗುಂಪು ಅವನ್ನು ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತದೆ, ಮತ್ತೊಂದು ಅವನ್ನು ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್‌ಗೆ ಇಳಿಸುತ್ತದೆ, ಕೊನೆಗೆ ಮೀಥೇನೋಜನ್‌ಗಳು ಮೀಥೇನ್ ಮಾಡುತ್ತವೆ. ಮೊದಲಿನ ಗುಂಪುಗಳು ಬೇಗ ಬೆಳೆಯುತ್ತವೆ, ಕೊನೆಯ ಗುಂಪು ನಿಧಾನ. ಈ ರಿಯಾಕ್ಟರ್‌ನ ಬಹುಪಾಲು ತೊಂದರೆಗಳಿಗೆ ಮೂಲ ಈ ವೇಗದ ವ್ಯತ್ಯಾಸ.

ಗಾಳಿ ಊದುವ ಪದ್ಧತಿಗೆ ಹೋಲಿಸಿದರೆ ಲಾಭ ದೊಡ್ಡದು. ಏರೇಶನ್‌ನಲ್ಲಿ ಒಂದು ಕಿಲೋ ಸಿಒಡಿ (ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಅಳೆದ ಕೊಳೆ) ತೆಗೆಯಲು ಸುಮಾರು ಅರ್ಧದಿಂದ ಒಂದು ಯೂನಿಟ್ ಕರೆಂಟ್ ಬೇಕು. ಜೊತೆಗೆ 0.4 ಕಿಲೋದಷ್ಟು ಹೊಸ ಸ್ಲಡ್ಜ್ ಹುಟ್ಟುತ್ತದೆ, ಅದನ್ನು ಒಣಗಿಸಿ ಸಾಗಿಸುವ ಕೆಲಸ ಬೇರೆ. ಯುಎಎಸ್‌ಬಿಯಲ್ಲಿ ಗಾಳಿ ಬೇಡ. ಹೊಸ ಸ್ಲಡ್ಜ್ 0.05ರಿಂದ 0.15 ಕಿಲೋ ಮಾತ್ರ, ಅದೂ ಚೆನ್ನಾಗಿ ಕೊಳೆತು ಸ್ಥಿರವಾಗಿರುತ್ತದೆ, ಒಣಗುವ ಹಾಸಿನ ಮೇಲೆ ಬೇಗ ನೀರು ಬಿಡುತ್ತದೆ. ಗ್ಯಾಸ್ ಒಂದು ಹನಿ ಬಳಸದೆ ಸುಟ್ಟುಹಾಕಿದರೂ ಈ ಎರಡು ಉಳಿತಾಯಗಳೇ ಬಂಡವಾಳವನ್ನು ಸಮರ್ಥಿಸುವ ಸಂದರ್ಭಗಳು ಬಹಳ ಇವೆ.

ಇದು ಮಾಡದ ಕೆಲಸಗಳನ್ನೂ ಈಗಲೇ ಹೇಳಬೇಕು. ಸಾರಜನಕ ಹೋಗುವುದಿಲ್ಲ. ಪ್ರೋಟೀನ್ ಒಡೆದು ಅಮೋನಿಯಾ ಆಗುವುದರಿಂದ ಹೊರಬರುವ ನೀರಿನಲ್ಲಿ ಅಮೋನಿಯಾ ಒಳಗೆ ಹೋದದ್ದಕ್ಕಿಂತ ಹೆಚ್ಚೇ ಇರುತ್ತದೆ. ರಂಜಕವೂ ಬಹುತೇಕ ಹಾಗೇ ಹೊರಬರುತ್ತದೆ. ರೋಗಾಣುಗಳ ಮಟ್ಟಿಗೆ ಇದನ್ನು ನಂಬುವಂತಿಲ್ಲ. ಹೊರಬಂದ ನೀರಿನಲ್ಲಿ ಆಮ್ಲಜನಕ ಸೊನ್ನೆ, ಸಲ್ಫೈಡ್ ವಾಸನೆ ಇರುತ್ತದೆ. ಆದ್ದರಿಂದ ಹಿಂದೆಯೇ ಟ್ರಿಕ್ಲಿಂಗ್ ಫಿಲ್ಟರ್, ಏರೇಶನ್ ಟ್ಯಾಂಕ್ ಅಥವಾ ಕೊಳ ಇರಲೇಬೇಕು. "ಯುಎಎಸ್‌ಬಿ ಒಂದೇ ಸಾಕು" ಎನ್ನುವ ಕೊಟೇಶನ್ ಬಂದರೆ ಅದನ್ನು ಬದಿಗಿಡಿ.

ಮೇಲಿನ ಗೂಡು

ಗ್ಯಾಸ್, ನೀರು, ಸ್ಲಡ್ಜ್ ಮೂರನ್ನೂ ಬೇರೆ ಮಾಡುವ ಸೆಪರೇಟರ್ ಈ ಯಂತ್ರದ ಅತಿ ಮುಖ್ಯ ಭಾಗ. ಡ್ರಾಯಿಂಗ್ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಇದನ್ನೇ. ತಲೆಕೆಳಗಾದ ದೋಣಿಯಂಥ ಗೂಡುಗಳು ಸಾಲಾಗಿ ಇರುತ್ತವೆ. ಗ್ಯಾಸ್ ಗುಳ್ಳೆಗಳು ಗೂಡಿನೊಳಗೆ ಸೇರುತ್ತವೆ, ನೀರು ಎರಡು ಗೂಡುಗಳ ನಡುವಿನ ಸಂದಿಯಲ್ಲಿ ಮೇಲೇರಿ ಶಾಂತವಾದ ಕೋಣೆಗೆ ಬರುತ್ತದೆ. ಜೊತೆಗೆ ಬಂದ ಸ್ಲಡ್ಜ್ ಅಲ್ಲಿ ಕೂತು ಇಳಿಜಾರು ಗೋಡೆಯ ಮೇಲೆ ಜಾರಿ ಮತ್ತೆ ಕೆಳಗೆ ಬೀಳಬೇಕು.

ಗೋಡೆಯ ಇಳಿಜಾರು 45ರಿಂದ 60 ಡಿಗ್ರಿ ಇರಬೇಕು. ಎತ್ತರ ಉಳಿಸಲು 40 ಡಿಗ್ರಿಗೆ ಇಳಿಸಿದರೆ ಸ್ಲಡ್ಜ್ ಜಾರದೆ ಅಲ್ಲೇ ಕೂರುತ್ತದೆ, ಅಲ್ಲೇ ಗ್ಯಾಸ್ ಮಾಡುತ್ತದೆ, ತೇಲುತ್ತದೆ, ನೀರು ಹೊರಹರಿಯುವ ಕಟ್ಟೆ ದಾಟಿ ಹೋಗುತ್ತದೆ. ಸಂದಿಯ ಕೆಳಗೆ ಗುಳ್ಳೆಗಳನ್ನು ಗೂಡಿನತ್ತ ತಿರುಗಿಸುವ ಡಿಫ್ಲೆಕ್ಟರ್ ಪಟ್ಟಿ ಇರುತ್ತದೆ. ಅದು ಗೂಡಿನ ಅಂಚಿಗಿಂತ 15–20 ಸೆಂಟಿಮೀಟರ್ ಒಳಗೆ ಚಾಚಿರಬೇಕು. ಇದು ಚಿಕ್ಕದಾದರೆ ಗುಳ್ಳೆಗಳು ನೇರ ಸಂದಿಯೊಳಗೆ ನುಗ್ಗಿ ಕೂರುವ ಕೋಣೆಯನ್ನೇ ಕಲಕುತ್ತವೆ. ಮೇಲೆ ನಿಂತು ನೋಡಿದಾಗ ನೀರಿನ ಮೇಲ್ಮೈಯಲ್ಲಿ ಒಂದು ಗೆರೆಯುದ್ದಕ್ಕೂ ಗುಳ್ಳೆ ಏಳುತ್ತಿದ್ದರೆ ಅದರ ನೇರ ಕೆಳಗೆ ಡಿಫ್ಲೆಕ್ಟರ್ ಸರಿದಿದೆ ಅಥವಾ ಗೂಡು ಬಿರುಕು ಬಿಟ್ಟಿದೆ ಎಂದೇ ತಿಳಿಯಬೇಕು. ಸಂದಿಗಳ ಒಟ್ಟು ವಿಸ್ತೀರ್ಣ ರಿಯಾಕ್ಟರ್ ವಿಸ್ತೀರ್ಣದ ಶೇ 15–20 ಇರಲಿ. ಅತಿ ಹೆಚ್ಚು ಹರಿವಿದ್ದಾಗಲೂ ಅಲ್ಲಿನ ವೇಗ ಗಂಟೆಗೆ 4–5 ಮೀಟರ್ ದಾಟಬಾರದು.

ಗೂಡಿನೊಳಗೆ ಗ್ಯಾಸ್ ಹೊರಬೀಳುವ ಜಾಗ ಅತಿ ಅಗಲವಾಗಿದ್ದರೂ ತೊಂದರೆ. ಪ್ರತಿ ಚದರ ಮೀಟರ್‌ಗೆ ಗಂಟೆಗೆ ಒಂದು ಘನ ಮೀಟರ್‌ಗಿಂತ ಕಡಿಮೆ ಗ್ಯಾಸ್ ಬಂದರೆ ನೊರೆ ಒಡೆಯದೆ ಗಟ್ಟಿ ಕೆನೆಯಾಗಿ ಕಟ್ಟಿಕೊಳ್ಳುತ್ತದೆ. ಕೆನೆ ಕಟ್ಟಿದ ಮೇಲೆ ಗ್ಯಾಸ್ ದಾರಿ ಕಾಣದೆ ಸಂದಿಯ ಮೂಲಕ ಹೊರಡುತ್ತದೆ. ಮೀಟರ್‌ನಲ್ಲಿ ಗ್ಯಾಸ್ ಕಡಿಮೆ, ಸಿಒಡಿ ಇಳಿಕೆ ಮಾತ್ರ ಸರಿಯಾಗೇ ಇದೆ ಎನ್ನುವ ವಿಚಿತ್ರ ಸ್ಥಿತಿಗೆ ಸಾಮಾನ್ಯ ಕಾರಣ ಇದು. ಪ್ರತಿ ಗೂಡಿಗೂ ಮೇಲೊಂದು ಮುಚ್ಚಳ, ಕೆನೆ ತೆಗೆಯಲು ಒಂದು ಪೈಪ್ ಇಲ್ಲದ ವಿನ್ಯಾಸವನ್ನು ಒಪ್ಪಬೇಡಿ.

ಗೂಡಿನ ವಸ್ತು ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಅಥವಾ ಪಾಲಿಪ್ರೊಪಿಲೀನ್ ಇರಲಿ, ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್. ಬಣ್ಣ ಬಳಿದ ಸಾಧಾರಣ ಉಕ್ಕು ಬಾಳುವುದಿಲ್ಲ. ಹೈಡ್ರೋಜನ್ ಸಲ್ಫೈಡ್‌ಗೆ ಗಾಳಿ ತಾಗುವ ಕಡೆ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲ ಮಾಡುತ್ತವೆ, ಆದ್ದರಿಂದ ನೀರಿನ ಮಟ್ಟದ ಮೇಲಿನ ಕಾಂಕ್ರೀಟೂ ಪುಡಿಪುಡಿಯಾಗುತ್ತದೆ. ಎಪಾಕ್ಸಿ ಲೇಪನ ಗ್ಯಾಸ್ ಭಾಗಕ್ಕೆ ಮಾತ್ರ ಸಾಲದು, ಹೊರಹೋಗುವ ಕಾಲುವೆ ಮತ್ತು ಮುಂದಿನ ಚೇಂಬರ್‌ಗೂ ಬೇಕು. ಕಾಂಕ್ರೀಟ್ ಮೊದಲು ತಿಂದುಹೋಗುವುದು ಅಲ್ಲೇ.

ತಳದ ಹಂಚಿಕೆ

ಎರಡು ಚದರ ಮೀಟರ್‌ಗೊಂದು, ಹೆಚ್ಚೆಂದರೆ ನಾಲ್ಕಕ್ಕೊಂದು ಒಳಹರಿವಿನ ಬಾಯಿ. ಪ್ರತಿ ಬಾಯಿಗೂ ಮೇಲಿನ ಹಂಚಿಕೆ ಪೆಟ್ಟಿಗೆಯಿಂದ ಬೇರೆಯೇ ಆದ ಪೈಪ್, ಪ್ರತಿ ಪೈಪಿಗೂ ಕಣ್ಣಿಗೆ ಕಾಣುವ ವಿ ಆಕಾರದ ಕಚ್ಚು. ಹೀಗಿದ್ದರೆ ಯಾವ ಪೈಪ್ ಕಟ್ಟಿದೆ ಎಂದು ಬೆಳಗಿನ ಸುತ್ತಿನಲ್ಲೇ ಗೊತ್ತಾಗುತ್ತದೆ, ರಾಡ್ ಹಾಕಿ ಬಿಡಿಸಬಹುದು. ಒಂದೇ ದಪ್ಪ ಪೈಪಿಗೆ ಹತ್ತಾರು ತೂತು ಕೊರೆದು ತಳದಲ್ಲಿ ಮಲಗಿಸುವ ವಿನ್ಯಾಸ ಅಗ್ಗ. ಅದರಲ್ಲಿ ಅರ್ಧ ತೂತು ಮುಚ್ಚಿದರೂ ಯಾರಿಗೂ ತಿಳಿಯದು, ತಿಳಿದರೂ ಟ್ಯಾಂಕ್ ಖಾಲಿ ಮಾಡದೆ ದಾರಿಯಿಲ್ಲ. ಇಳಿಯುವ ಪೈಪಿನಲ್ಲಿ ವೇಗ ಸೆಕೆಂಡಿಗೆ 0.2 ಮೀಟರ್‌ಗಿಂತ ಕಡಿಮೆಯಿದ್ದರೆ ಸಿಕ್ಕಿಕೊಂಡ ಗಾಳಿ ಮೇಲೆ ಹೋಗುತ್ತದೆ. ತುದಿಯನ್ನು 40–50 ಮಿಲಿಮೀಟರ್‌ಗೆ ಕಿರಿದು ಮಾಡಿ, ನೆಲದಿಂದ 10–20 ಸೆಂಟಿಮೀಟರ್ ಮೇಲೆ ನಿಲ್ಲಿಸಬೇಕು. ಇದಕ್ಕೆ ಮುಂಚೆ 6 ಮಿಲಿಮೀಟರ್‌ಗಿಂತ ಸಣ್ಣ ಜಾಲರಿ ಮತ್ತು ಮರಳು ಹಿಡಿಯುವ ಚೇಂಬರ್ ಕಡ್ಡಾಯ. ಒಳಗೆ ಸೇರಿದ ಮರಳು ಸ್ಲಡ್ಜಿನ ಜಾಗ ತಿನ್ನುತ್ತದೆ, ತಾನಾಗಿ ಹೊರಬರುವುದಿಲ್ಲ.

ಗೋಡೆಯಲ್ಲಿ ಅರ್ಧ ಅಥವಾ ಒಂದು ಮೀಟರ್ ಅಂತರದಲ್ಲಿ ಸ್ಯಾಂಪಲ್ ನಲ್ಲಿಗಳು ಬೇಕು. ವಾರಕ್ಕೊಮ್ಮೆ ಪ್ರತಿ ನಲ್ಲಿಯಿಂದ ಒಂದು ಲೀಟರ್ ಹಿಡಿದು ಅರ್ಧ ಗಂಟೆ ಕೂರಲು ಬಿಟ್ಟರೆ ಸ್ಲಡ್ಜ್ ಯಾವ ಎತ್ತರದವರೆಗಿದೆ ಎಂದು ಗೊತ್ತಾಗುತ್ತದೆ. ಹಾಸಿಗೆ ಗೂಡಿನ ಹತ್ತಿರ ಬಂದಾಗ ಸ್ವಲ್ಪ ಹೊರಬಿಡಬೇಕು. ಇಲ್ಲಿ ಆಪರೇಟರ್‌ಗಳು ತಳದ ನಲ್ಲಿಯನ್ನೇ ತಿರುಗಿಸುತ್ತಾರೆ. ತಳದಲ್ಲಿರುವುದು ಅತ್ಯಂತ ಭಾರದ, ಅತ್ಯಂತ ಒಳ್ಳೆಯ ಸ್ಲಡ್ಜ್. ಬಿಡಬೇಕಾದ್ದು ಮಧ್ಯದ ಎತ್ತರದ ಹಗುರ ಸ್ಲಡ್ಜನ್ನು. ತಳದ ನಲ್ಲಿ ಮರಳು ತೆಗೆಯುವುದಕ್ಕೆ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ.

ಬೀಜ ಮತ್ತು ಆರಂಭ

ಬೀಜವಾಗಿ ಹಾಕುವ ಸ್ಲಡ್ಜ್ ಎರಡು ಬಗೆ. ಚಾಲ್ತಿಯಲ್ಲಿರುವ ಬೇರೆ ಯುಎಎಸ್‌ಬಿಯಿಂದ ತಂದ ಹರಳು ಸ್ಲಡ್ಜ್ ಸಿಕ್ಕರೆ ಭಾಗ್ಯ. ಅರ್ಧ ಮಿಲಿಮೀಟರ್‌ನಿಂದ ಮೂರು ಮಿಲಿಮೀಟರ್ ಗಾತ್ರದ ಕಪ್ಪು ದುಂಡು ಕಣಗಳು. ಅಳತೆ ಜಾಡಿಯ ನೀರಿಗೆ ಒಂದು ಚಮಚ ಹಾಕಿದರೆ ಒಳ್ಳೆಯ ಹರಳು ಹೊಗೆ ಎಬ್ಬಿಸದೆ ನೇರ ತಳಕ್ಕಿಳಿಯುತ್ತದೆ, ಅದರ ವೇಗ ಗಂಟೆಗೆ 50 ಮೀಟರ್ ಮೀರುವುದೂ ಉಂಟು. ಬೆರಳುಗಳ ನಡುವೆ ಒತ್ತಿದಾಗ ಸ್ವಲ್ಪ ಪುಟಿದು ಆಮೇಲೆ ಒಡೆಯಬೇಕು. ಕಲ್ಲಿನಂತೆ ಗಟ್ಟಿಯಿದ್ದರೆ ಒಳಗೆ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿದೆ, ಜೀವ ಕಡಿಮೆ. ಒತ್ತಿದ ಕೂಡಲೇ ಪೇಸ್ಟ್ ಆದರೆ ಪಂಪಿನಲ್ಲೇ ಹಾಳಾಗುತ್ತದೆ. ರಿಯಾಕ್ಟರ್ ಗಾತ್ರದ ಕಾಲು ಭಾಗದಷ್ಟು ಇಂಥ ಹರಳು ಹಾಕಿದರೆ ಕೆಲವೇ ವಾರಗಳಲ್ಲಿ ಪೂರ್ಣ ಭಾರಕ್ಕೆ (ದಿನಕ್ಕೆ ಉಣಿಸಬೇಕಾದ ಪೂರ್ತಿ ಸಿಒಡಿಗೆ) ಬರಬಹುದು. ಸಾಗಿಸುವಾಗ ಸೆಂಟ್ರಿಫ್ಯೂಗಲ್ ಪಂಪ್ ಬಳಸಬೇಡಿ, ಅದರ ಇಂಪೆಲ್ಲರ್ ಹರಳುಗಳನ್ನು ಅರೆದುಬಿಡುತ್ತದೆ. ಸ್ಕ್ರೂ ಪಂಪ್ ಅಥವಾ ಟ್ಯಾಂಕರ್‌ನಿಂದ ನೇರ ಇಳಿಕೆ ಒಳ್ಳೆಯದು.

ಹರಳು ಸಿಗದಿದ್ದರೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ಡೈಜೆಸ್ಟರ್ ಸ್ಲಡ್ಜನ್ನೋ ಸಗಣಿ ಬಗ್ಗಡವನ್ನೋ ಜಾಲರಿಯಲ್ಲಿ ಸೋಸಿ ಹಾಕುತ್ತಾರೆ. ಇದು ನಡೆಯುತ್ತದೆ, ಆದರೆ ಎರಡರಿಂದ ನಾಲ್ಕು ತಿಂಗಳ ತಾಳ್ಮೆ ಬೇಕು. ಒಳಗಿರುವ ಪ್ರತಿ ಕಿಲೋ ಜೈವಿಕ ಘನಕ್ಕೆ ದಿನಕ್ಕೆ 0.1ರಿಂದ 0.2 ಕಿಲೋ ಸಿಒಡಿಗಿಂತ ಹೆಚ್ಚು ಉಣಿಸದೆ ಶುರು ಮಾಡಬೇಕು. ಹೊರನೀರಿನ ಕೊಬ್ಬಿನಾಮ್ಲ ಲೀಟರ್‌ಗೆ 300 ಮಿಲಿಗ್ರಾಂಗಿಂತ ಕೆಳಗೆ ನಿಂತು, ಸಿಒಡಿ ಇಳಿಕೆ ಶೇ 80ರ ಹತ್ತಿರ ಬಂದ ಮೇಲೆ ಮಾತ್ರ ಉಣಿಕೆ ಹೆಚ್ಚಿಸಬೇಕು. ಆರಂಭದ ದಿನಗಳಲ್ಲಿ ನೀರಿನೊಂದಿಗೆ ಹಗುರ ಸ್ಲಡ್ಜ್ ಹೊರಹೋಗುವುದು ಸಹಜ, ಅದನ್ನು ಹಿಡಿದು ವಾಪಸ್ ಹಾಕಬೇಡಿ. ಭಾರದ ಕಣಗಳು ಉಳಿದು ಹರಳು ಕಟ್ಟುವುದು ಆ ಜರಡಿಯಿಂದಲೇ. ಭಾರದ ಸ್ಲಡ್ಜೇ ಹೋಗುತ್ತಿದ್ದರೆ ಮಾತ್ರ ಹರಿವು ತಗ್ಗಿಸಬೇಕು.

ಕಾರ್ಖಾನೆಯ ನೀರಿನಲ್ಲಿ ಪೋಷಕಾಂಶ ಸಾಲದಿರುವುದು ಸಾಮಾನ್ಯ. ಸಿಒಡಿ, ಸಾರಜನಕ, ರಂಜಕದ ಅನುಪಾತ ಸುಮಾರು 350:5:1 ಇರುವಂತೆ ಯೂರಿಯಾ ಮತ್ತು ಫಾಸ್ಫಾರಿಕ್ ಆಮ್ಲ ಸೇರಿಸುತ್ತಾರೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಎಲ್ಲ ಸರಿಯಿದ್ದೂ ಕೊಬ್ಬಿನಾಮ್ಲ ಇಳಿಯದೆ ಹಟ ಹಿಡಿದರೆ ಈ ಲೋಹಗಳ ಕೊರತೆಯನ್ನು ಮೊದಲು ಅನುಮಾನಿಸಿ.

ದಿನನಿತ್ಯದ ಒಂದು ಪರೀಕ್ಷೆ

ಪಿಎಚ್ ಮೀಟರ್ ಒಂದನ್ನೇ ನಂಬಿ ಓಡಿಸುವ ಘಟಕಗಳು ಹುಳಿಯಾಗುವುದು ಖಚಿತ. ಬೈಕಾರ್ಬೊನೇಟ್ ಇರುವವರೆಗೂ ಪಿಎಚ್ ಅಲುಗುವುದಿಲ್ಲ, ಅದು ಮುಗಿದ ದಿನ ಒಮ್ಮೆಗೇ ಕುಸಿಯುತ್ತದೆ. ನೋಡಬೇಕಾದ್ದು ಕೊಬ್ಬಿನಾಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಾಳುವ ಶಕ್ತಿಯ) ಅನುಪಾತ. ಇದಕ್ಕೆ ದೊಡ್ಡ ಲ್ಯಾಬ್ ಬೇಡ, ಬ್ಯೂರೆಟ್ ಸಾಕು.

ಹೊರನೀರನ್ನು ತಾಜಾ ಇರುವಾಗಲೇ ಸೋಸಿ 20 ಮಿಲಿಲೀಟರ್ ತೆಗೆದುಕೊಳ್ಳಿ. ನಿಧಾನವಾಗಿ ಕಲಕುತ್ತ 0.1 ನಾರ್ಮಲ್ ಗಂಧಕಾಮ್ಲವನ್ನು ಪಿಎಚ್ 5.0 ಬರುವವರೆಗೆ ಬಿಡಿ, ಖರ್ಚಾದ ಮಿಲಿಲೀಟರನ್ನು ಬರೆದಿಡಿ. ಅಲ್ಲಿಂದ ಪಿಎಚ್ 4.4ರವರೆಗೆ ಇಳಿಸಿ, ಎರಡನೇ ಖರ್ಚನ್ನೂ ಬರೆದಿಡಿ. ಮೊದಲನೆಯದನ್ನು 250ರಿಂದ ಗುಣಿಸಿದರೆ ಕ್ಷಾರೀಯತೆ. ಎರಡನೆಯದನ್ನು 1.66ರಿಂದ ಗುಣಿಸಿ, 0.15 ಕಳೆದು, 500ರಿಂದ ಗುಣಿಸಿದರೆ ಕೊಬ್ಬಿನಾಮ್ಲ. ಎರಡೂ ಲೀಟರ್‌ಗೆ ಮಿಲಿಗ್ರಾಂ ಲೆಕ್ಕ. ಉದಾಹರಣೆಗೆ ಮೊದಲ ಖರ್ಚು 8.0, ಎರಡನೆಯದು 0.7 ಆದರೆ ಕ್ಷಾರೀಯತೆ 2000, ಆಮ್ಲ 506, ಅನುಪಾತ 0.25. ನೆಮ್ಮದಿಯ ಸ್ಥಿತಿ. ಎರಡನೇ ಖರ್ಚು 1.2ಕ್ಕೆ ಏರಿದರೆ ಆಮ್ಲ 921, ಅನುಪಾತ 0.46. ಪಿಎಚ್ ಇನ್ನೂ ಏಳರ ಮೇಲೇ ತೋರಿಸುತ್ತಿರಬಹುದು, ಆದರೆ ಅಂದೇ ಉಣಿಕೆ ತಗ್ಗಿಸಬೇಕು. ಸ್ಯಾಂಪಲ್ ಗಂಟೆಗಟ್ಟಲೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿ, ಆಮ್ಲದ ಭಾಗ ತಿನ್ನುವ ಬ್ಯಾಕ್ಟೀರಿಯಾವೂ ಕೆಲಸ ಮುಂದುವರಿಸಿ, ಲೆಕ್ಕ ದಾರಿ ತಪ್ಪುತ್ತದೆ. ಒಂದು ದಿನದ ಅಂಕಿಗಿಂತ ವಾರದ ಏರಿಳಿತ ಮುಖ್ಯ. ಕ್ಷಾರೀಯತೆ ತೀರಾ ಕಡಿಮೆಯಿರುವ ಊರ ಕೊಳಚೆ ನೀರಿಗೆ ಈ ಸೂತ್ರ ಅಷ್ಟು ಹೊಂದುವುದಿಲ್ಲ, ಸಿಒಡಿ ಹೆಚ್ಚಿರುವ ಕಾರ್ಖಾನೆ ನೀರಿಗೆ ಚೆನ್ನಾಗಿ ಒಪ್ಪುತ್ತದೆ.

ಹುಳಿಯಾದಾಗ ಮಾಡಬೇಕಾದ್ದು ಉಣಿಕೆಯನ್ನು ಅರ್ಧಕ್ಕೆ ಇಳಿಸುವುದು ಅಥವಾ ನಿಲ್ಲಿಸುವುದು, ಹೊರನೀರನ್ನು ಒಳಗೆ ಸುತ್ತಿಸುತ್ತಲೇ ಇರುವುದು, ಆಮ್ಲ ಇಳಿಯುವವರೆಗೆ ಕಾಯುವುದು. ಬೈಕಾರ್ಬೊನೇಟ್ ಹಾಕಬಹುದು, ಆದರೆ ಲೆಕ್ಕ ನೋಡಿ: ದಿನಕ್ಕೆ 500 ಘನ ಮೀಟರ್ ನೀರಿನ ಕ್ಷಾರೀಯತೆಯನ್ನು ಲೀಟರ್‌ಗೆ 500 ಮಿಲಿಗ್ರಾಂ ಏರಿಸಲು ದಿನಕ್ಕೆ ಸುಮಾರು 420 ಕಿಲೋ ಅಡುಗೆ ಸೋಡಾ ಬೇಕು. ಸುಣ್ಣ ಅಗ್ಗವೆಂದು ಸುರಿದರೆ ಅದು ಮೊದಲು ಗ್ಯಾಸಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಗೂಡಿನೊಳಗೆ ಒತ್ತಡ ಕುಸಿದು ಗಾಳಿ ಒಳಗೆ ಎಳೆದುಕೊಳ್ಳುವ ಅಪಾಯವಿದೆ, ಹರಳುಗಳ ಮೇಲೂ ಸುಣ್ಣಕಲ್ಲು ಕೂರುತ್ತದೆ. ಹೊರನೀರಿನ ಮರುಸುತ್ತು ಪಂಪ್ ಇದ್ದರೆ ಅದರಲ್ಲಿರುವ ಕ್ಷಾರೀಯತೆ ಬಿಟ್ಟಿಯಾಗಿ ಸಿಗುತ್ತದೆ. ಈ ಪಂಪನ್ನು ಐಚ್ಛಿಕವೆಂದು ಕೊಟೇಶನ್‌ನಲ್ಲಿ ಬರೆದಿದ್ದರೆ ಕಡ್ಡಾಯದ ಪಟ್ಟಿಗೆ ಸೇರಿಸಿಸಿ.

ಇದಕ್ಕೆ ಆಗದ ನೀರು

ಎಣ್ಣೆ ಮತ್ತು ಕೊಬ್ಬು ಮೊದಲ ಶತ್ರು. ಒಡೆದ ಕೊಬ್ಬಿನ ಉದ್ದ ಸರಪಳಿಯ ಆಮ್ಲಗಳು ಸ್ಲಡ್ಜಿಗೆ ಅಂಟಿ ಅದನ್ನು ತೇಲಿಸುತ್ತವೆ. ಒಂದೇ ರಾತ್ರಿಯಲ್ಲಿ ಹಾಸಿಗೆ ಕಟ್ಟೆ ದಾಟಿ ಹೋಗಬಹುದು. ಲೀಟರ್‌ಗೆ 100 ಮಿಲಿಗ್ರಾಂ ಮೀರಿದರೆ ಮುಂಚೆ ಡಿಎಎಫ್ (ಸಣ್ಣ ಗಾಳಿಗುಳ್ಳೆಗಳಿಂದ ಕೊಬ್ಬನ್ನು ತೇಲಿಸಿ ತೆಗೆಯುವ ಘಟಕ) ಇಡಲೇಬೇಕು. ತೇಲುವ ಘನವಸ್ತು ಸಿಒಡಿಯ ಅರ್ಧಕ್ಕಿಂತ ಹೆಚ್ಚಿದ್ದರೆ ಹರಳು ಸ್ಲಡ್ಜ್ ನಿಲ್ಲುವುದಿಲ್ಲ, ಅಂಥ ನೀರಿಗೆ ಕಲಕುವ ಡೈಜೆಸ್ಟರ್ ಸರಿ.

ಸಲ್ಫೇಟ್ ಇನ್ನೊಂದು. ಪ್ರತಿ ಕಿಲೋ ಸಲ್ಫೇಟ್ 0.67 ಕಿಲೋ ಸಿಒಡಿಯನ್ನು ಮೀಥೇನ್‌ನಿಂದ ಕಸಿದು ಸುಮಾರು 0.35 ಕಿಲೋ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಸಿಒಡಿ ಸಲ್ಫೇಟ್‌ನ ಹತ್ತು ಪಟ್ಟಿದ್ದರೆ ಚಿಂತೆಯಿಲ್ಲ. ಎರಡು ಪಟ್ಟಿಗೆ ಇಳಿದರೆ ಮೀಥೇನೋಜನ್‌ಗಳಿಗೆ ವಿಷದ ಭಯ, ಗ್ಯಾಸಿಗೆ ಕೊಳಕು, ಕಾಂಕ್ರೀಟಿಗೆ ಸವೆತ ಒಟ್ಟಿಗೇ ಬರುತ್ತವೆ. ಪಿಎಚ್ ಏಳರಲ್ಲಿ ಕರಗಿದ ಸಲ್ಫೈಡ್‌ನ ಅರ್ಧದಷ್ಟು ವಿಷಕಾರಿ ರೂಪದಲ್ಲಿರುತ್ತದೆ, ಪಿಎಚ್ 7.5ಕ್ಕೆ ಏರಿಸಿದರೆ ಆ ಪಾಲು ಕಾಲು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕಬ್ಬಿಣದ ಕ್ಲೋರೈಡ್ ಹಾಕಿ ಸಲ್ಫೈಡನ್ನು ಹಿಡಿಯುವವರೂ ಇದ್ದಾರೆ. ಮುಂದೆ ರಂಜಕ ಮರುಪಡೆಯುವ ಯೋಚನೆಯಿದ್ದರೆ ಜಾಗ್ರತೆ, ಹೆಚ್ಚಾದ ಕಬ್ಬಿಣ ರಂಜಕವನ್ನೂ ಹಿಡಿದುಕೊಂಡು ಸ್ಲಡ್ಜ್ ಸೇರುತ್ತದೆ.

ಉಷ್ಣತೆ 30ರಿಂದ 38 ಡಿಗ್ರಿ ಇದ್ದರೆ ಚೆನ್ನ. ಪ್ರತಿ ಹತ್ತು ಡಿಗ್ರಿ ಇಳಿದಾಗ ಕೆಲಸ ಸುಮಾರು ಅರ್ಧಕ್ಕಿಳಿಯುತ್ತದೆ. ಟ್ಯಾಂಕ್ ತೊಳೆಯುವ ಕ್ಲೋರಿನ್, ಕಾಸ್ಟಿಕ್ ಒಮ್ಮೆಗೇ ಬಂದು ಬೀಳದಂತೆ ಸಮೀಕರಣ ಟ್ಯಾಂಕ್ ಬೇಕು. ಅದನ್ನು ಚಿಕ್ಕದು ಮಾಡಿ ಹಣ ಉಳಿಸುವುದು ತಪ್ಪು ಜಾಗದಲ್ಲಿ ಉಳಿತಾಯ.

ಗ್ಯಾಸ್ ಎಷ್ಟು ಬರುತ್ತದೆ

ಈಗ ಆ ಮೊದಲ ಪುಟದ ಅಂಕಿಗೆ ಬರೋಣ. ಒಂದು ಕಿಲೋ ಸಿಒಡಿ ಪೂರ್ತಿ ಮೀಥೇನ್ ಆದರೆ ಸೊನ್ನೆ ಡಿಗ್ರಿ, ಸಾಮಾನ್ಯ ಒತ್ತಡದಲ್ಲಿ 0.35 ಘನ ಮೀಟರ್. ಇದು ರಸಾಯನಶಾಸ್ತ್ರದ ಮಿತಿ, ಯಾವ ಕಂಪನಿಯೂ ದಾಟಲಾರದು. ದಿನಕ್ಕೆ 500 ಘನ ಮೀಟರ್, ಸಿಒಡಿ ಲೀಟರ್‌ಗೆ 4000 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು 2000 ಕಿಲೋ. ಶೇ 85 ಇಳಿದರೆ 1700, ಸ್ಲಡ್ಜ್ ಬೆಳವಣಿಗೆಗೆ ಹೋದದ್ದು ಕಳೆದರೆ ಸುಮಾರು 1550. ಮೀಥೇನ್ 540 ಘನ ಮೀಟರ್, ಗ್ಯಾಸಿನಲ್ಲಿ ಮೀಥೇನ್ ಶೇ 70 ಇದ್ದರೆ ಬಯೋಗ್ಯಾಸ್ 775. ಸೈಟಿನಲ್ಲಿ 30 ಡಿಗ್ರಿಯ ಮೀಟರ್ ಓದು 860ರ ಹತ್ತಿರ ತೋರಿಸುತ್ತದೆ. ಇಳಿದ ಪ್ರತಿ ಕಿಲೋ ಸಿಒಡಿಗೆ ಅರ್ಧ ಘನ ಮೀಟರ್‌ಗಿಂತ ಗಣನೀಯವಾಗಿ ಹೆಚ್ಚು ಬಯೋಗ್ಯಾಸ್ ಎಂದು ಬರೆದಿದ್ದರೆ ಯಾವ ಉಷ್ಣತೆ, ಎಷ್ಟು ಮೀಥೇನ್ ಎಂದು ಕೇಳಿ. ಈ ನೀರಿಗೆ ಘನ ಮೀಟರ್‌ಗೆ ದಿನಕ್ಕೆ 8 ಕಿಲೋ ಸಿಒಡಿ ಭಾರ ಹಿಡಿದರೆ ರಿಯಾಕ್ಟರ್ 250 ಘನ ಮೀಟರ್, ಐದು ಮೀಟರ್ ಎತ್ತರ, 50 ಚದರ ಮೀಟರ್ ತಳ. ಮೇಲೇರುವ ವೇಗ ಗಂಟೆಗೆ 0.42 ಮೀಟರ್ ಮಾತ್ರ. ಮರುಸುತ್ತು ಪಂಪ್ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಊರ ಕೊಳಚೆ ನೀರಿನಲ್ಲಿ ಕತೆ ಬೇರೆ. ಕಾನ್ಪುರದಲ್ಲಿ ಗಂಗಾ ಕ್ರಿಯಾ ಯೋಜನೆಯಡಿ 1989ರಲ್ಲಿ ದಿನಕ್ಕೆ 50 ಲಕ್ಷ ಲೀಟರ್‌ನ ಯುಎಎಸ್‌ಬಿ ಶುರುವಾದಾಗಿನಿಂದ ಬಿಸಿ ಪ್ರದೇಶದ ಕೊಳಚೆಗೆ ಇದು ನಡೆಯುತ್ತದೆ ಎನ್ನುವುದು ಗೊತ್ತಿದೆ, 6ರಿಂದ 10 ಗಂಟೆ ನಿಂತರೆ ಸಿಒಡಿ ಶೇ 60–75 ಇಳಿಯುತ್ತದೆ. ಆದರೆ ಮೀಥೇನ್ ನೀರಿನಲ್ಲಿ ಕರಗುತ್ತದೆ. 25 ಡಿಗ್ರಿಯಲ್ಲಿ, ಗ್ಯಾಸಿನಲ್ಲಿ ಮುಕ್ಕಾಲು ಭಾಗ ಮೀಥೇನ್ ಇದ್ದರೆ, ಲೀಟರ್‌ಗೆ ಸುಮಾರು 16 ಮಿಲಿಗ್ರಾಂ. ಸಿಒಡಿ ಲೆಕ್ಕದಲ್ಲಿ ಅದು 64. ಲೀಟರ್‌ಗೆ 500 ಮಿಲಿಗ್ರಾಂ ಸಿಒಡಿಯ ಕೊಳಚೆಯಲ್ಲಿ 325 ಇಳಿದರೆ ಅದರ ಐದನೇ ಒಂದು ಭಾಗ ಕರಗಿಯೇ ಹೊರಹೋಯಿತು, ಸಮತೋಲ ಮೀರಿ ಕರಗಿದ್ದರೆ ಇನ್ನೂ ಹೆಚ್ಚು. ಮೇಲಿನ ಕಾರ್ಖಾನೆ ನೀರಿನಲ್ಲಿ ಅದೇ 64 ಶೇ 2 ಮಾತ್ರ. ಕೊಳಚೆ ನೀರಿನ ಯುಎಎಸ್‌ಬಿಯನ್ನು ಕರೆಂಟ್ ಉಳಿತಾಯಕ್ಕಾಗಿ ಕೊಳ್ಳಿ, ಕರೆಂಟ್ ಉತ್ಪಾದನೆಗೆಂದು ಬೇಡ. ಕರಗಿದ ಮೀಥೇನ್ ಮುಂದಿನ ಕಾಲುವೆಯಲ್ಲಿ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ, ಇದನ್ನು ನಾವು ಈ ತಂತ್ರದ ದೊಡ್ಡ ಕೊರತೆಯೆಂದೇ ಎಣಿಸುತ್ತೇವೆ. ಬಳಸದ ಗ್ಯಾಸನ್ನು ಫ್ಲೇರ್‌ನಲ್ಲಿ ಸುಡಲೇಬೇಕು, ಹಾಗೇ ಬಿಡುವುದು ಅಪರಾಧಕ್ಕೆ ಸಮ.

ಗ್ಯಾಸ್ ಲೈನಿನಲ್ಲಿ ನೀರಿನ ಸೀಲ್, ಜ್ವಾಲೆ ತಡೆ, ತಗ್ಗಿನ ಪ್ರತಿ ಬಿಂದುವಿನಲ್ಲೂ ತೇವ ಇಳಿಸುವ ಟ್ರ್ಯಾಪ್, ಒತ್ತಡ ಮತ್ತು ನಿರ್ವಾತ ಎರಡಕ್ಕೂ ಬಿಡುವ ಕವಾಟ ಇರಬೇಕು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15 ಇದ್ದರೆ ಸಿಡಿಯುತ್ತದೆ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ತಲುಪಿದಾಗ ಜೀವಕ್ಕೆ ತಕ್ಷಣದ ಅಪಾಯ, ಅದೇ ಮಟ್ಟದಲ್ಲಿ ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸುತ್ತದೆ. ವಾಸನೆ ಹೋಯಿತು ಎಂದರೆ ಗ್ಯಾಸ್ ಹೋಯಿತು ಎಂದಲ್ಲ. ಗ್ಯಾಸ್ ಮೀಟರ್, ಊದುವ ಫ್ಯಾನ್, ಹೊರಗೆ ಹಗ್ಗ ಹಿಡಿದ ಜೊತೆಗಾರ, ಉಸಿರಾಟದ ಉಪಕರಣ ಇಲ್ಲದೆ ಯಾರನ್ನೂ ಚೇಂಬರಿಗೆ ಇಳಿಸಬೇಡಿ. ಇದರಲ್ಲಿ ರಾಜಿಯೇ ಇಲ್ಲ.

ರಂಜಕ ಮತ್ತು ಉಳಿದ ಆದಾಯ

ಹೊರನೀರಿನಲ್ಲಿ ಅಮೋನಿಯಾ, ರಂಜಕ ಎರಡೂ ಕರಗಿದ ರೂಪದಲ್ಲಿರುವುದರಿಂದ ಮೆಗ್ನೀಸಿಯಂ ಸೇರಿಸಿ ಪಿಎಚ್ 8–9ಕ್ಕೆ ಏರಿಸಿದರೆ ಸ್ಟ್ರುವೈಟ್ ಎಂಬ ಬಿಳಿ ಹರಳು ಇಳಿಯುತ್ತದೆ. ನಿಧಾನವಾಗಿ ಕರಗುವ ಒಳ್ಳೆಯ ಗೊಬ್ಬರ, ತೂಕದ ಶೇ 12.6 ರಂಜಕ, ಶೇ 5.7 ಸಾರಜನಕ. ರಂಜಕ ಲೀಟರ್‌ಗೆ 50 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಈ ಘಟಕ ಬೇಡ. 100 ಇದ್ದರೆ ಮೇಲೆ ಹೇಳಿದ 500 ಘನ ಮೀಟರ್ ಹರಿವಿನಲ್ಲಿ ದಿನಕ್ಕೆ 50 ಕಿಲೋ ರಂಜಕ, ಶೇ 80 ಹಿಡಿದರೆ ಸುಮಾರು 315 ಕಿಲೋ ಸ್ಟ್ರುವೈಟ್. ಮೆಗ್ನೀಸಿಯಂ ಸ್ವಲ್ಪ ಹೆಚ್ಚೇ, ರಂಜಕದ 1.2 ಮೋಲ್ ಅನುಪಾತದಲ್ಲಿ ಹಾಕಬೇಕು: ಹರಳು ರೂಪದ ಮೆಗ್ನೀಸಿಯಂ ಕ್ಲೋರೈಡ್ ಆದರೆ ದಿನಕ್ಕೆ 390 ಕಿಲೋ, ಆಕ್ಸೈಡ್ ಆದರೆ 78 ಕಿಲೋ. ಕ್ಲೋರೈಡ್ ಕೂಡಲೇ ಕರಗುತ್ತದೆ, ಆದರೆ ಪಿಎಚ್‌ಗೆ ಬೇರೆ ಕ್ಷಾರ ಬೇಕು. ಆಕ್ಸೈಡ್ ಪಿಎಚ್ ಏರಿಸುತ್ತದೆ, ಕರಗಲು ಮಾತ್ರ ತಡ, ಕರಗದ ಪುಡಿ ಗೊಬ್ಬರದಲ್ಲಿ ಉಳಿಯುತ್ತದೆ. ಮೊದಲು ಗಾಳಿ ಊದಿ ಇಂಗಾಲದ ಡೈಆಕ್ಸೈಡ್ ಓಡಿಸಿದರೆ ಪಿಎಚ್ ಬಹುಪಾಲು ತಾನಾಗಿ ಏರಿ ಕಾಸ್ಟಿಕ್ ಖರ್ಚು ಉಳಿಯುತ್ತದೆ. ಹಳೆಯ ಹರಳನ್ನು ಬೀಜವಾಗಿ ಉಳಿಸದಿದ್ದರೆ ಹಿಟ್ಟಿನಂಥ ಪುಡಿ ಹುಟ್ಟಿ ನೀರಿನೊಂದಿಗೆ ಹೋಗುತ್ತದೆ. ಒಣಗಿಸುವಾಗ 50 ಡಿಗ್ರಿ ದಾಟಬಾರದು, ದಾಟಿದರೆ ಅಮೋನಿಯಾ ಹಾರುತ್ತದೆ. ನೀವು ಸ್ಟ್ರುವೈಟ್ ಬೇಡವೆಂದರೂ ಅದು ಪಂಪಿನೊಳಗೆ, ಪೈಪಿನ ತಿರುವುಗಳಲ್ಲಿ ತಾನೇ ಕಟ್ಟಿಕೊಳ್ಳುತ್ತದೆ. ಆಗ ಸಿಟ್ರಿಕ್ ಆಮ್ಲದ ದ್ರಾವಣ ಸುತ್ತಿಸಿ ತೊಳೆಯಬೇಕು.

ಹೆಚ್ಚಾದ ಹರಳು ಸ್ಲಡ್ಜ್ ಸಹ ಸರಕೇ. ಹೊಸ ರಿಯಾಕ್ಟರ್‌ಗಳಿಗೆ ಬೀಜವಾಗಿ ಬೇಡಿಕೆಯಿದೆ. ಉಣಿಸದೆ ತಿಂಗಳುಗಟ್ಟಲೆ ಇಟ್ಟರೂ ಮತ್ತೆ ಬೇಗ ಚೇತರಿಸುವುದರಿಂದ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನಡೆಯುವ ಕಾರ್ಖಾನೆಗಳಿಗೂ ಈ ರಿಯಾಕ್ಟರ್ ಒಪ್ಪುತ್ತದೆ.

ಜಾಗ ಬಹಳ ಕಡಿಮೆಯಿದ್ದು ಸಿಒಡಿ ಬಹುತೇಕ ಕರಗಿದ ರೂಪದಲ್ಲಿದ್ದರೆ ಇದರ ತಮ್ಮಂದಿರಾದ ಇಜಿಎಸ್‌ಬಿ ಅಥವಾ ಐಸಿ (ಇದೇ ತತ್ವದ, ನೀರು ಇನ್ನೂ ವೇಗವಾಗಿ ಮೇಲೇರುವ ಮಾದರಿಗಳು) ನೋಡಿ. ಘನ ಮೀಟರ್‌ಗೆ ದಿನಕ್ಕೆ 15–30 ಕಿಲೋ ಭಾರ ಹೊರುತ್ತವೆ, ಎತ್ತರ ಹೆಚ್ಚು, ಹರಳು ಸ್ಲಡ್ಜ್ ಇಲ್ಲದೆ ಶುರುವಾಗುವುದಿಲ್ಲ. ಜಾಗ ಧಾರಾಳವಿದ್ದು ನೋಡಿಕೊಳ್ಳುವವರು ಕಡಿಮೆಯಿದ್ದರೆ ಮುಚ್ಚಿದ ಲಗೂನ್ ಸಾಕು. ಮೆಂಬ್ರೇನ್ ಜೋಡಿಸಿದ ಅನೇರೋಬಿಕ್ ರಿಯಾಕ್ಟರ್ ಸ್ವಚ್ಛ ನೀರು ಕೊಡುತ್ತದೆ, ಮೆಂಬ್ರೇನ್ ಕಟ್ಟಿಕೊಳ್ಳುವ ಕಾಟ ಜೊತೆಗೇ ಬರುತ್ತದೆ.

ಯುಎಎಸ್‌ಬಿಯನ್ನೇ ಆರಿಸಿದರೆ ಕರಾರಿನಲ್ಲಿ ಇಷ್ಟು ಬರೆಸಿಕೊಳ್ಳಿ: ಬೀಜ ಸ್ಲಡ್ಜಿನ ಪ್ರಮಾಣವನ್ನು ಟ್ಯಾಂಕರ್ ಲೆಕ್ಕದಲ್ಲಲ್ಲ, ಜೈವಿಕ ಘನದ ಕಿಲೋ ಲೆಕ್ಕದಲ್ಲಿ ಮತ್ತು ಅದರ ಮೀಥೇನ್ ತಯಾರಿಸುವ ಸಾಮರ್ಥ್ಯದ ಪರೀಕ್ಷಾ ವರದಿಯೊಂದಿಗೆ. ಗೂಡಿನ ಡ್ರಾಯಿಂಗ್‌ನಲ್ಲಿ ಇಳಿಜಾರು, ಚಾಚು, ಸಂದಿ ಮೂರೂ ಅಳತೆಯೊಂದಿಗೆ. ಹಸ್ತಾಂತರಕ್ಕೆ ಮುಂಚೆ ಪೂರ್ಣ ಭಾರದಲ್ಲಿ ಮೂವತ್ತು ದಿನ ಓಡಿಸಿ, ಸಿಒಡಿ ಇಳಿಕೆಯ ಜೊತೆಗೆ ಹೊರನೀರಿನಲ್ಲಿ ಹೋಗುವ ಘನವಸ್ತುವಿನ ದಿನವಹಿ ತೂಕವನ್ನೂ ತೋರಿಸಬೇಕು ಎಂಬ ಷರತ್ತು. ಆ ತೂಕ ಹೊಸದಾಗಿ ಹುಟ್ಟುವ ಸ್ಲಡ್ಜಿಗಿಂತ ಹೆಚ್ಚಿದ್ದರೆ ಕೊನೆಯ ಕಂತು ತಡೆಹಿಡಿಯಿರಿ.